ಮಳೆ ನಿಂತ ಮೇಲೆ ಬೀಳುವ ಗೋಡೆ: ನೆರೆ ಪರಿಹಾರದ ಲೆಕ್ಕದಲ್ಲಿ ವೃದ್ಧರು ಎಲ್ಲಿದ್ದಾರೆ?

ಮುಂಗಾರು ಜೋರಾದ ವರ್ಷಗಳಲ್ಲಿ ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳ ಸುದ್ದಿಪುಟಗಳಲ್ಲಿ ಎರಡು ಬಗೆಯ ವರದಿಗಳು ಬರುತ್ತವೆ. ಮೊದಲನೆಯದು ತುಂಗಭದ್ರೆ ಉಕ್ಕಿದ ದಿನದ್ದು. ಹೊನ್ನಾಳಿಯ ಬಾಲರಾಜ್ ಘಾಟ್‌ಗೆ ನೀರು ನುಗ್ಗಿದೆ, ಹರಿಹರದ ಗಂಗಾನಗರದ ನಿವಾಸಿಗಳನ್ನು ಸ್ಥಳಾಂತರಿಸಲಾಗಿದೆ, ಕಾಳಜಿ ಕೇಂದ್ರ ತೆರೆಯಲಾಗಿದೆ, ಮನೆ ಕಳೆದುಕೊಂಡವರಿಗೆ ಪರಿಹಾರ ಘೋಷಣೆಯಾಗಿದೆ. ಎರಡನೆಯದು ಕೆಲವು ತಿಂಗಳು ಕಳೆದ ಮೇಲಿನದು. ಬಿದ್ದ ಮನೆಯ ಫೋಟೊ, ಆಧಾರ್ ಕಾರ್ಡಿನ ನಕಲು ಹಿಡಿದು ತಾಲ್ಲೂಕು ಕಚೇರಿಯ ಜಗುಲಿಯಲ್ಲಿ ಕುಳಿತ ವೃದ್ಧೆಯ ಸುದ್ದಿ ಅದು. ಓದುವವರಿಗೆ ಗೊಂದಲವಾಗುವುದು ಸಹಜ. ಹಣ ಬಿಡುಗಡೆಯಾಗಿದ್ದರೆ ಆಕೆಗೆ ಏಕೆ ಬಂದಿಲ್ಲ? ಅಧಿಕಾರಿಗಳು ಸುಳ್ಳು ಹೇಳುತ್ತಿದ್ದಾರೆಯೇ? ಅಜ್ಜಿಯ ಅರ್ಜಿಯಲ್ಲೇ ತಪ್ಪಿದೆಯೇ?

ಎಷ್ಟೋ ಸಲ ಇಬ್ಬರೂ ನಿಜವನ್ನೇ ಹೇಳುತ್ತಿರುತ್ತಾರೆ. ತೊಡಕು ಇರುವುದು ಪರಿಹಾರದ ನಿಯಮಗಳಲ್ಲಿ. ಆ ನಿಯಮಗಳು ಮನೆಯನ್ನು ಅಳೆಯುತ್ತವೆ, ಬೆಳೆಯನ್ನು ಅಳೆಯುತ್ತವೆ, ಸತ್ತ ದನಕರುಗಳನ್ನೂ ಎಣಿಸುತ್ತವೆ. ಆ ಮನೆಯೊಳಗೆ ಎಪ್ಪತ್ತೈದು ದಾಟಿದ, ಒಂಟಿಯಾಗಿರುವ, ಮಂಡಿನೋವಿನಿಂದ ಮೆಟ್ಟಿಲು ಹತ್ತಲಾಗದ ಒಬ್ಬರು ಇದ್ದರು ಎಂಬುದನ್ನು ಬರೆದುಕೊಳ್ಳಲು ಅಲ್ಲಿ ಜಾಗವೇ ಇಲ್ಲ.

ಹೊಳೆಯ ನೆರೆ ಬೇರೆ, ಗೋಡೆಯ ನೆರೆ ಬೇರೆ

ಈ ಎರಡು ಜಿಲ್ಲೆಗಳಲ್ಲಿ ನೆರೆ ಎರಡು ರೂಪದಲ್ಲಿ ಬರುತ್ತದೆ. ಹೊನ್ನಾಳಿ, ಹರಿಹರದ ಕಡೆ ಅದು ಹೊಳೆಯಿಂದ ಬರುತ್ತದೆ. ಗಾಜನೂರಿನ ತುಂಗಾ ಜಲಾಶಯ ಚಿಕ್ಕದು. ಮಲೆನಾಡಿನಲ್ಲಿ ಸುರಿದ ಮಳೆಯನ್ನು ಹೆಚ್ಚು ಹೊತ್ತು ಹಿಡಿದಿಟ್ಟುಕೊಳ್ಳುವ ಶಕ್ತಿ ಅದಕ್ಕಿಲ್ಲ. ಲಕ್ಕವಳ್ಳಿಯ ಭದ್ರಾ ಜಲಾಶಯವೂ ತುಂಬಿದ್ದರೆ ಎರಡೂ ನದಿಗಳ ನೀರು ಕೂಡಲಿಯಲ್ಲಿ ಸೇರಿ ಕೆಳಕ್ಕೆ ಹರಿಯುತ್ತದೆ. ಉಕ್ಕಡಗಾತ್ರಿಯ ರಸ್ತೆ ಮುಳುಗುವುದು ಆಗಲೇ. ಈ ನೆರೆಗೆ ಮುನ್ಸೂಚನೆ ಇರುತ್ತದೆ. ಎಷ್ಟು ಕ್ಯೂಸೆಕ್ ನೀರು ಬಿಟ್ಟಿದ್ದಾರೆ ಎಂಬುದು ಗೊತ್ತಾದ ಮೇಲೆ ಕೆಲವು ಗಂಟೆಗಳ ಕಾಲಾವಕಾಶ ಸಿಗುತ್ತದೆ. ಮುಳುಗುವ ಓಣಿಗಳು ಯಾವುವು ಎಂಬುದೂ ತಾಲ್ಲೂಕು ಆಡಳಿತಕ್ಕೆ ಗೊತ್ತು.

ಇನ್ನೊಂದು ನೆರೆ ಸದ್ದಿಲ್ಲದ್ದು, ಕಣ್ಣಿಗೆ ಬೀಳದ್ದು. ಚಳ್ಳಕೆರೆ, ಮೊಳಕಾಲ್ಮುರು, ಹಿರಿಯೂರು, ಜಗಳೂರಿನ ಊರುಗಳಲ್ಲಿ ಮಣ್ಣಿನ ಗೋಡೆ, ಮಣ್ಣಿನ ಮಾಳಿಗೆಯ ಮನೆಗಳು ಇಂದಿಗೂ ಇವೆ. ಒಣಹವೆಗೆಂದೇ ಕಟ್ಟಿದ ಮನೆಗಳವು. ಬೇಸಿಗೆಯಲ್ಲಿ ತಂಪು, ಚಳಿಯಲ್ಲಿ ಬೆಚ್ಚಗೆ. ಮಾಳಿಗೆಯ ಮೇಲೆ ಆಗಾಗ ಚೌಳು ಮಣ್ಣು ಹಾಕಿ ತಟ್ಟುತ್ತಿದ್ದರೆ ಒಂದೆರಡು ಹದ ಮಳೆಗೆ ಏನೂ ಆಗುವುದಿಲ್ಲ. ಆದರೆ ವಾರಗಟ್ಟಲೆ ಜಡಿಮಳೆ ಹಿಡಿದರೆ ಗೋಡೆಯ ಬುಡ ನೀರು ಕುಡಿಯುತ್ತದೆ, ಮಾಳಿಗೆಯ ಮಣ್ಣು ನೆನೆದು ಭಾರವಾಗುತ್ತದೆ. ಮೇಲಿನ ಭಾರ ಹೆಚ್ಚಿ ಕೆಳಗಿನ ಬಲ ಕುಗ್ಗಿದಾಗ ಗೋಡೆ ಕುಸಿಯುತ್ತದೆ. ಅದು ಮಳೆ ಸುರಿಯುವಾಗಲೇ ಆಗಬೇಕೆಂದಿಲ್ಲ. ಮಳೆ ನಿಂತು ಬಿಸಿಲು ಬಿದ್ದ ಮೇಲೆ, ನೆನೆದ ಗೋಡೆ ಬಿರಿಯುವಾಗಲೂ ಬೀಳಬಹುದು.

ಇಂಥ ಮನೆಗಳಲ್ಲಿ ಯಾರಿದ್ದಾರೆ? ದುಡಿಯುವ ವಯಸ್ಸಿನ ಮಕ್ಕಳು ಬೆಂಗಳೂರಿಗೆ ಹೋಗಿರುತ್ತಾರೆ, ಇಲ್ಲವೇ ಊರಲ್ಲೇ ಪಕ್ಕದಲ್ಲಿ ಆರ್‌ಸಿಸಿ ಮನೆ ಕಟ್ಟಿಕೊಂಡಿರುತ್ತಾರೆ. ಹಳೆಯ ಮನೆ ಅಪ್ಪ ಅಮ್ಮನ ಪಾಲಿಗೆ ಉಳಿಯುತ್ತದೆ. ಮಾಳಿಗೆ ಹತ್ತಿ ಮಣ್ಣು ತಟ್ಟುವ ಶಕ್ತಿ ಅವರಿಗಿಲ್ಲ, ಆಳು ಹಿಡಿಯಲು ಹಣವಿಲ್ಲ. ಹೀಗೆ ಊರಿನ ಅತ್ಯಂತ ದುರ್ಬಲ ಗೋಡೆಯ ಕೆಳಗೆ ಊರಿನ ಅತ್ಯಂತ ದುರ್ಬಲ ಮನುಷ್ಯರು ಮಲಗುತ್ತಾರೆ. ಅದಕ್ಕೆ ವಿಧಿ ಕಾರಣವಲ್ಲ. ವಲಸೆ, ಬಡತನ, ವಯಸ್ಸು ಮೂರೂ ಸೇರಿ ಅವರನ್ನು ಅಲ್ಲಿಗೆ ತಂದು ನಿಲ್ಲಿಸಿವೆ. ಈ ಮನೆಗಳು ಒಂದೊಂದಾಗಿ, ಬೇರೆ ಬೇರೆ ಊರುಗಳಲ್ಲಿ ಬೀಳುವುದರಿಂದ ಅಲ್ಲಿ ಕಾಳಜಿ ಕೇಂದ್ರ ತೆರೆಯುವ ಪ್ರಶ್ನೆಯೇ ಏಳುವುದಿಲ್ಲ.

ಬರದ ನಾಡಿನಲ್ಲಿ ನೆರೆಯ ನೆನಪೂ ಕಡಿಮೆ. ವೇದಾವತಿಗೆ ಅಡ್ಡಲಾಗಿ 1907ರಲ್ಲಿ ಪೂರ್ಣಗೊಂಡ ಚಿತ್ರದುರ್ಗ ಜಿಲ್ಲೆಯ ಮಾರಿಕಣಿವೆಯ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, 89 ವರ್ಷಗಳ ನಂತರ. 2025ರ ಜನವರಿಯಲ್ಲಿ ಮತ್ತೆ ತುಂಬಿತು. ಭದ್ರಾ ನೀರು ಹರಿಯತೊಡಗಿರುವುದರಿಂದ ಜಲಾಶಯ ತುಂಬುವುದು ಇನ್ನು ಮುಂದೆ ಅಪರೂಪವಾಗಿ ಉಳಿಯಲಾರದು. ಬರಕ್ಕೆ ಸಿದ್ಧವಾಗಿರುವ ಜಿಲ್ಲೆ ನೆರೆಗೂ ಸಿದ್ಧವಾಗಬೇಕಾದ ಕಾಲ ಬಂದಿದೆ.

ಕಾನೂನಿನಲ್ಲಿ ಬಿಟ್ಟುಹೋದ ಒಂದು ಪದ

ದೇಶದಲ್ಲಿ ವಿಪತ್ತು ಪರಿಹಾರಕ್ಕೆ ಆಧಾರ 2005ರ ವಿಪತ್ತು ನಿರ್ವಹಣಾ ಕಾಯ್ದೆ. ಅದರ 12ನೇ ಕಲಂ ಪರಿಹಾರದ ಕನಿಷ್ಠ ಮಾನದಂಡಗಳ ಬಗ್ಗೆ ಹೇಳುತ್ತದೆ. ಆಸರೆ, ಆಹಾರ, ಕುಡಿಯುವ ನೀರು, ಚಿಕಿತ್ಸೆ, ನೈರ್ಮಲ್ಯ ಕೊಡಬೇಕು; ವಿಧವೆಯರಿಗೆ ಮತ್ತು ಅನಾಥರಿಗೆ ವಿಶೇಷ ಏರ್ಪಾಡು ಮಾಡಬೇಕು. ವೃದ್ಧರ ಹೆಸರು ಆ ವಾಕ್ಯದಲ್ಲಿಲ್ಲ. ಪರಿಹಾರ ನೀಡುವಾಗ ಲಿಂಗ, ಜಾತಿ, ಸಮುದಾಯ, ವಂಶ, ಧರ್ಮದ ಆಧಾರದಲ್ಲಿ ತಾರತಮ್ಯ ಮಾಡಬಾರದೆಂದು 61ನೇ ಕಲಂ ಹೇಳುತ್ತದೆ. ಅಲ್ಲಿ ವಯಸ್ಸಿನ ಮಾತಿಲ್ಲ.

ಒಂದು ಪದ ಬಿಟ್ಟುಹೋದರೆ ಏನಾದೀತು ಎಂದು ಕೇಳಬಹುದು. ಆಗುವುದು ಇಷ್ಟು. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ ಕನಿಷ್ಠ ಮಾನದಂಡಗಳ ಮಾರ್ಗಸೂಚಿಯಲ್ಲಿ ವಿಧವೆಯರು ಮತ್ತು ಅನಾಥ ಮಕ್ಕಳಿಗಾಗಿ ಪ್ರತ್ಯೇಕ ನೋಂದಣಿ ಪುಸ್ತಕ ಇಡಬೇಕೆಂದಿದೆ. ವಿಪತ್ತಿನಲ್ಲಿ ಗಂಡನನ್ನು ಕಳೆದುಕೊಂಡವರಿಗೆ 15 ದಿನಗಳೊಳಗೆ ಪ್ರಮಾಣಪತ್ರ, 45 ದಿನಗಳೊಳಗೆ ನೆರವು ಎಂಬ ಗಡುವೂ ಇದೆ. ಇದು ಸರಿಯಾದ ಕ್ರಮ, ಇರಲೇಬೇಕಾದದ್ದು. ವೃದ್ಧರ ವಿಷಯ ಬಂದಾಗ ಅದೇ ಮಾರ್ಗಸೂಚಿ ‘ವಿಶೇಷ ವ್ಯವಸ್ಥೆ ಮಾಡಬೇಕು’ ಎಂಬ ಸಾಮಾನ್ಯ ಮಾತಿನಲ್ಲಿ ಮುಗಿಸುತ್ತದೆ. ನೋಂದಣಿ ಇಲ್ಲ, ಗಡುವಿಲ್ಲ. ಸರ್ಕಾರಿ ಕೆಲಸ ಗೊತ್ತಿದ್ದವರಿಗೆ ಇದರ ಪರಿಣಾಮ ಹೇಳಬೇಕಾಗಿಲ್ಲ. ಪುಸ್ತಕದಲ್ಲಿ ಹೆಸರಿಲ್ಲದವರ ಬಗ್ಗೆ ಮೇಲಿನವರು ವರದಿ ಕೇಳುವುದಿಲ್ಲ. ವರದಿ ಕೇಳದ ಕೆಲಸ ಕೊನೆಗೆ ಉಳಿಯುತ್ತದೆ.

ಈ ಜನ ಬೆರಳೆಣಿಕೆಯಷ್ಟಿಲ್ಲ. 2011ರ ಜನಗಣತಿಯ ಪ್ರಕಾರ ಕರ್ನಾಟಕದ ಜನಸಂಖ್ಯೆಯಲ್ಲಿ 60 ದಾಟಿದವರು ಶೇ 9.5. ಆಗ ಚಿತ್ರದುರ್ಗ ಜಿಲ್ಲೆಯ ಜನಸಂಖ್ಯೆ ಸುಮಾರು 16.59 ಲಕ್ಷ. ರಾಜ್ಯದ ಸರಾಸರಿಯನ್ನೇ ಹಿಡಿದರೂ ಆ ಒಂದು ಜಿಲ್ಲೆಯಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಹಿರಿಯರಿದ್ದರು. ಈಗ ಆ ಪ್ರಮಾಣ ಇನ್ನೂ ಏರಿದೆ.

ಒಂದೇ ಓಣಿ, ಬೇರೆ ಬೇರೆ ಮೊತ್ತ

ಗೊಂದಲದ ಇನ್ನೊಂದು ಮೂಲ ಪರಿಹಾರದ ಮೊತ್ತ. ಒಬ್ಬರಿಗೆ ಐದು ಲಕ್ಷ ಬಂತಂತೆ, ಇನ್ನೊಬ್ಬರಿಗೆ ಆರೂವರೆ ಸಾವಿರವಂತೆ ಎಂದು ಜನ ಮಾತನಾಡಿಕೊಳ್ಳುತ್ತಾರೆ. ಎರಡೂ ನಿಜವಿರಬಹುದು.

ರಾಜ್ಯ ವಿಪತ್ತು ಪರಿಹಾರ ನಿಧಿಗೆ ಕೇಂದ್ರ ಸರ್ಕಾರ ದರಪಟ್ಟಿ ನಿಗದಿ ಮಾಡುತ್ತದೆ. 2022-23ರಿಂದ 2025-26ರ ಅವಧಿಗೆ ಮಾಡಿದ ಪಟ್ಟಿಯಲ್ಲಿ ಬಯಲು ಪ್ರದೇಶದ ಮನೆ ಪೂರ್ತಿ ಬಿದ್ದರೆ 1.20 ಲಕ್ಷ ರೂಪಾಯಿ, ಪಕ್ಕಾ ಮನೆಗೆ ಭಾಗಶಃ ಹಾನಿಯಾದರೆ 6,500, ಕಚ್ಚಾ ಮನೆಗೆ 4,000. ಇದರ ಮೇಲೆ ರಾಜ್ಯ ಸರ್ಕಾರ ತನ್ನ ಬೊಕ್ಕಸದಿಂದ ಸೇರಿಸಿ ಕೊಡಬಹುದು. 2019ರ ಭೀಕರ ನೆರೆಯ ನಂತರ ಕರ್ನಾಟಕ ಪೂರ್ಣ ಹಾನಿಗೆ 5 ಲಕ್ಷ ಘೋಷಿಸಿತು. ಹಾನಿಯನ್ನು ಎ, ಬಿ, ಸಿ ಎಂದು ವಿಂಗಡಿಸಿತು. 2022ರಲ್ಲಿಯೂ ಅದೇ ಮಾದರಿ ಮುಂದುವರಿಯಿತು. 2024ರಲ್ಲಿ ಸರ್ಕಾರ ಬೇರೆ ದಾರಿ ಹಿಡಿದು, 1.20 ಲಕ್ಷದ ಜೊತೆಗೆ ಒಂದು ಮನೆ ಎಂದು ಹೇಳಿತು. ಹೀಗೆ ಮನೆ ಯಾವ ವರ್ಷ ಬಿತ್ತು, ಎಷ್ಟು ಬಿತ್ತು, ಯಾವ ವರ್ಗಕ್ಕೆ ಸೇರಿತು ಎಂಬುದರ ಮೇಲೆ ಮೊತ್ತ ಬದಲಾಗುತ್ತದೆ.

ವೃದ್ಧರಿಗೆ ಪೆಟ್ಟು ಬೀಳುವುದು ಈ ವಿಂಗಡಣೆಯಲ್ಲಿ. ಮಣ್ಣಿನ ಮನೆಯ ಒಂದು ಗೋಡೆ ಬಿದ್ದರೆ ಉಳಿದ ಮೂರು ಗೋಡೆ ನಿಂತಿರುತ್ತವೆ. ಮಹಜರಿಗೆ ಬಂದವರ ಕಣ್ಣಿಗೆ ಅದು ಭಾಗಶಃ ಹಾನಿ. ಕೈಕಾಲು ಗಟ್ಟಿಯಿರುವ ಕುಟುಂಬ ಆ ಗೋಡೆಯನ್ನು ಮತ್ತೆ ಎತ್ತಿಕೊಳ್ಳಬಹುದು. ಎಂಬತ್ತರ ಹಿರಿಯರೊಬ್ಬರಿಗೆ ಒಂದು ಗೋಡೆ ಬಿದ್ದ ಮನೆ ಎಂದರೆ ಪೂರ್ತಿ ಹೋದ ಮನೆಯೇ. ಅವರು ಕೈಯಾರೆ ಕಟ್ಟಲಾರರು, ಸಿಕ್ಕ ನಾಲ್ಕು ಸಾವಿರದಲ್ಲಿ ಗಾರೆಯವರನ್ನು ಕರೆಸಲಾರರು. ಹಾನಿಯನ್ನು ಶೇಕಡಾವಾರು ಅಳೆಯುವ ಪದ್ಧತಿ, ಅದನ್ನು ಸರಿಪಡಿಸಿಕೊಳ್ಳುವ ಶಕ್ತಿಯನ್ನು ಅಳೆಯುವುದೇ ಇಲ್ಲ.

ಕಂತು, ಪಹಣಿ, ಬೆರಳಚ್ಚು

ದೊಡ್ಡ ಮೊತ್ತ ಮಂಜೂರಾದವರ ಕಷ್ಟ ಬೇರೆ. ಮನೆ ಕಟ್ಟುವ ಹಣ ಒಂದೇ ಗಂಟಾಗಿ ಬರುವುದಿಲ್ಲ. ಅಡಿಪಾಯ, ಗೋಡೆ, ಛಾವಣಿ ಎಂದು ಹಂತ ಹಂತವಾಗಿ, ಜಿಪಿಎಸ್ ಗುರುತಿರುವ ಫೋಟೊ ಅಪ್‌ಲೋಡ್ ಆದ ಮೇಲೆ ಕಂತು ಬಿಡುಗಡೆಯಾಗುತ್ತದೆ. ಹಣ ಬೇರೆಡೆ ಖರ್ಚಾಗಬಾರದು ಎಂಬುದು ಇದರ ಉದ್ದೇಶ, ಅದು ತಪ್ಪಲ್ಲ. ಆದರೆ ಈ ಪದ್ಧತಿ ಒಂದು ವಿಷಯವನ್ನು ಗೃಹೀತ ಹಿಡಿದಿದೆ: ಫಲಾನುಭವಿ ಮೇಸ್ತ್ರಿಯನ್ನು ಹುಡುಕುತ್ತಾರೆ, ಇಟ್ಟಿಗೆ, ಸಿಮೆಂಟ್ ಸಾಲ ತರುತ್ತಾರೆ, ಕೆಲಸದ ಬಳಿ ನಿಂತು ನೋಡಿಕೊಳ್ಳುತ್ತಾರೆ, ಕಂತು ತಡವಾದರೆ ಪಂಚಾಯಿತಿಗೆ ನಾಲ್ಕು ಸಲ ಓಡಾಡುತ್ತಾರೆ. ಎಪ್ಪತ್ತೆಂಟರ ಒಂಟಿ ವಿಧವೆ ಇದರಲ್ಲಿ ಯಾವುದನ್ನು ಮಾಡಬಲ್ಲರು? ಅಡಿಪಾಯ ಎದ್ದೇಳುವುದಿಲ್ಲ, ಎರಡನೇ ಕಂತು ಬರುವುದಿಲ್ಲ. ಕಡತದಲ್ಲಿ ಆಕೆ ‘ಪ್ರಗತಿ ಸಾಧಿಸದ ಫಲಾನುಭವಿ’ ಆಗುತ್ತಾರೆ. ಕಡತ ಬರೆದವರಿಗೆ ಕೆಟ್ಟ ಉದ್ದೇಶವಿರಲಿಲ್ಲ, ಆದರೂ ಅನ್ಯಾಯ ನಡೆದುಹೋಗುತ್ತದೆ.

ಕಾಗದದ ಸಂಕಟ ಇದಕ್ಕೂ ಮೊದಲೇ ಶುರುವಾಗುತ್ತದೆ. ಬಿದ್ದ ಮನೆ ಅಧಿಕೃತ ಕಟ್ಟಡವಾಗಿರಬೇಕು ಎಂಬುದು ಕೇಂದ್ರದ ದರಪಟ್ಟಿಯ ಷರತ್ತು. ಹಳ್ಳಿಯ ಹಳೆಯ ಮನೆ ತೀರಿಹೋದ ಗಂಡನ ಹೆಸರಿನಲ್ಲೋ ಮಾವನ ಹೆಸರಿನಲ್ಲೋ ಇರುತ್ತದೆ. ಅಣ್ಣ ತಮ್ಮಂದಿರ ನಡುವೆ ಬಾಯಿಮಾತಿನಲ್ಲಿ ಪಾಲಾಗಿರುತ್ತದೆ. ಹಕ್ಕುಪತ್ರ ಟ್ರಂಕಿನಲ್ಲಿತ್ತು, ಟ್ರಂಕು ಮಣ್ಣಿನಡಿ ಸೇರಿತು. ಬೆಳೆ ಪರಿಹಾರಕ್ಕೂ ಇದೇ ತೊಡಕು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ಆಗ ಪರಿಹಾರ ರೈತರ ನೋಂದಣಿಯ ‘ಫ್ರೂಟ್ಸ್’ ಗುರುತಿನ ಸಂಖ್ಯೆಯ ಮೂಲಕ ನೇರವಾಗಿ ಖಾತೆಗೆ ಹೋಯಿತು. ಪಹಣಿ ಇನ್ನೂ ಸತ್ತವರ ಹೆಸರಿನಲ್ಲಿದ್ದರೆ, ಅದನ್ನು ವಾರಸುದಾರರ ಹೆಸರಿಗೆ ಬದಲಿಸುವ ಪೌತಿ ಖಾತೆ ಆಗಿಲ್ಲದಿದ್ದರೆ, ಉತ್ತವರಿಗೂ ಹಣ ಬರುವುದಿಲ್ಲ. ಪೌತಿ ಖಾತೆಗೆ ವಂಶವೃಕ್ಷ ಬೇಕು. ಎಲ್ಲ ವಾರಸುದಾರರನ್ನು ಒಂದೆಡೆ ತರಬೇಕು. ಬೆಂಗಳೂರಿನಲ್ಲಿರುವ ಇಬ್ಬರು ಮಕ್ಕಳು, ಗಂಡನ ಮನೆಯಲ್ಲಿರುವ ಮೂವರು ಹೆಣ್ಣುಮಕ್ಕಳು ಒಟ್ಟಿಗೆ ಬರುವ ದಿನಕ್ಕಾಗಿ ಅಜ್ಜಿ ಕಾಯುತ್ತಾರೆ.

ಕೊನೆಯದು ಬೆರಳಚ್ಚು. ಜೀವಮಾನವಿಡೀ ಕಳೆ ಕಿತ್ತ, ಪಾತ್ರೆ ಉಜ್ಜಿದ ಕೈಯ ಗೆರೆಗಳು ಸವೆದಿರುತ್ತವೆ. ಯಂತ್ರ ಅವನ್ನು ಒಪ್ಪುವುದಿಲ್ಲ. ಕಣ್ಣಿನ ಪೊರೆ ಬಂದವರಿಗೆ ಕಣ್ಪಾಪೆಯ ಗುರುತೂ ಕಷ್ಟ. ಹಣ ಖಾತೆಗೆ ಬಂದರೂ ಅದನ್ನು ತೆಗೆಯಲು ಹೋಬಳಿಗೆ ಹೋಗಬೇಕು, ಹೋಗಲು ಇನ್ನೊಬ್ಬರ ಬೈಕು ಬೇಕು, ಆ ಇನ್ನೊಬ್ಬರಿಗೆ ಆ ದಿನದ ಕೂಲಿ ತಪ್ಪುತ್ತದೆ.

‘ಬನ್ನಿ ಎಂದರೂ ಬರುವುದಿಲ್ಲ’

ಕಾಳಜಿ ಕೇಂದ್ರಗಳ ಬಗ್ಗೆ ಅಧಿಕಾರಿಗಳ ಸಾಮಾನ್ಯ ದೂರು ಇದು: ನೀರು ಹೊಸ್ತಿಲಿಗೆ ಬಂದರೂ ವಯಸ್ಸಾದವರು ಮನೆ ಬಿಡುವುದಿಲ್ಲ. ಇದನ್ನು ಹಠ ಎಂದು ತಳ್ಳಿಹಾಕುವುದು ಸುಲಭ. ಅವರ ಲೆಕ್ಕಾಚಾರವನ್ನು ಕೇಳಿದರೆ ಅದರಲ್ಲಿ ಅರ್ಥವಿದೆ. ಹಟ್ಟಿಯಲ್ಲಿ ಎರಡು ಮೇಕೆಗಳಿವೆ, ಅವುಗಳಿಗೆ ಕೇಂದ್ರದಲ್ಲಿ ಜಾಗವಿಲ್ಲ. ಮನೆಗೆ ಭದ್ರವಾದ ಬೀಗವಿಲ್ಲ. ಕೇಂದ್ರವಿರುವುದು ಶಾಲೆಯಲ್ಲೋ ಸಮುದಾಯ ಭವನದಲ್ಲೋ, ಮಲಗುವುದು ನೆಲದ ಮೇಲೆ. ನೆಲದಿಂದ ಏಳಲು ಇನ್ನೊಬ್ಬರ ಕೈ ಬೇಕಾದವರಿಗೆ, ರಾತ್ರಿ ಮೂರು ಸಲ ಶೌಚಕ್ಕೆ ಏಳಬೇಕಾದವರಿಗೆ, ಕುಕ್ಕರಗಾಲಿನಲ್ಲಿ ಕೂರಲಾಗದವರಿಗೆ ಅದು ಹಿಂಸೆ. ಎಷ್ಟೋ ಹಿರಿಯರು ಶೌಚಾಲಯಕ್ಕೆ ಹೋಗುವುದನ್ನು ತಪ್ಪಿಸಲು ನೀರು ಕುಡಿಯುವುದನ್ನೇ ಬಿಡುತ್ತಾರೆ. ಅದರಿಂದ ನಿತ್ರಾಣ, ಮೂತ್ರದ ಸೋಂಕು, ತಲೆಸುತ್ತಿ ಬೀಳುವುದು ಒಂದರ ಹಿಂದೆ ಒಂದು ಬರುತ್ತವೆ.

ಮೇಲೆ ಹೇಳಿದ ಮಾರ್ಗಸೂಚಿ ತಲಾ 3.5 ಚದರ ಮೀಟರ್ ಜಾಗ, 30 ಜನರಿಗೊಂದು ಶೌಚಾಲಯ ಎಂದು ಲೆಕ್ಕ ಕೊಟ್ಟಿದೆ. ಲೆಕ್ಕ ಸರಿಯಿದ್ದರೂ ಒಂದು ಪ್ಲಾಸ್ಟಿಕ್ ಕಮೋಡ್ ಕುರ್ಚಿ, ಗೋಡೆಗೆ ಹಿಡಿಕೆ, ಹತ್ತು ಕಬ್ಬಿಣದ ಮಂಚ ಇಲ್ಲದಿದ್ದರೆ ಆ ಕೇಂದ್ರ ಮುದುಕರಿಗೆ ತೆರೆದಿಲ್ಲವೆಂದೇ ಅರ್ಥ. ಇವಕ್ಕೆ ತಗಲುವ ಖರ್ಚು ತೀರಾ ಸಣ್ಣದು.

ಔಷಧಿಯ ಮಾತು ಇನ್ನೂ ಗಂಭೀರ. ರಕ್ತದೊತ್ತಡ, ಮಧುಮೇಹದ ಮಾತ್ರೆಗಳು ಮನೆಯ ಗೂಡಿನಲ್ಲೇ ಉಳಿದಿರುತ್ತವೆ. ಚೀಟಿಯೂ ಅಲ್ಲೇ. ಕೇಂದ್ರಕ್ಕೆ ಬರುವ ವೈದ್ಯಕೀಯ ತಂಡ ಜ್ವರ, ವಾಂತಿಭೇದಿಗೆ ತಯಾರಾಗಿ ಬರುತ್ತದೆ, ಏಕೆಂದರೆ ನೆರೆಯ ನಂತರ ಸಾಂಕ್ರಾಮಿಕದ ಭಯ ಸಹಜ. ಆದರೆ ನಾಲ್ಕು ದಿನ ಮಾತ್ರೆ ತಪ್ಪಿದ ರಕ್ತದೊತ್ತಡ ಯಾರ ಕಣ್ಣಿಗೂ ಬೀಳುವುದಿಲ್ಲ, ಪಾರ್ಶ್ವವಾಯು ಹೊಡೆದ ಮೇಲೆಯೇ ಗೊತ್ತಾಗುತ್ತದೆ.

ಎಣಿಕೆಗೆ ಸಿಗದ ಸಾವುಗಳು

ವಿಪತ್ತಿನಲ್ಲಿ ಸತ್ತರೆ ನಾಲ್ಕು ಲಕ್ಷ ರೂಪಾಯಿ ಪರಿಹಾರವಿದೆ. ಅದಕ್ಕೆ ಸಾವಿನ ಕಾರಣವನ್ನು ಸಕ್ಷಮ ಅಧಿಕಾರಿ ದೃಢೀಕರಿಸಬೇಕು. ಗೋಡೆಯಡಿ ಸಿಕ್ಕವರ, ಕೊಚ್ಚಿಹೋದವರ ವಿಷಯದಲ್ಲಿ ಇದು ಸರಳ. ಮನೆ ಬಿದ್ದ ಮೇಲೆ ತಗಡಿನ ಶೆಡ್ಡಿನಲ್ಲಿ ತಿಂಗಳು ಕಳೆದು, ಥಂಡಿಯಿಂದ ನ್ಯುಮೋನಿಯಾ ಬಂದು ತೀರಿಕೊಂಡವರನ್ನು ‘ವಯಸ್ಸಾಗಿತ್ತು, ಹೋದರು’ ಎಂದು ಊರು ಮಣ್ಣು ಮಾಡುತ್ತದೆ.

ಜಪಾನ್ ಇಂಥ ಸಾವುಗಳನ್ನು ಬೇರೆಯಾಗಿ ಎಣಿಸುತ್ತದೆ. ವಿಪತ್ತಿನ ನಂತರ ಸ್ಥಳಾಂತರದ ಬಳಲಿಕೆ, ಚಿಕಿತ್ಸೆ ತಪ್ಪಿದ್ದು, ಚಳಿ ಇವುಗಳಿಂದ ಆದ ಸಾವನ್ನು ‘ವಿಪತ್ತು ಸಂಬಂಧಿತ ಸಾವು’ ಎಂದು ಗುರುತಿಸಿ ಕುಟುಂಬಕ್ಕೆ ನೆರವು ನೀಡುತ್ತದೆ. 2011ರ ಭೂಕಂಪ ಮತ್ತು ಸುನಾಮಿಯಲ್ಲಿ ಫುಕುಶಿಮಾ ಪ್ರಾಂತ್ಯದಲ್ಲಿ ನೇರವಾಗಿ ಸತ್ತವರು ಸುಮಾರು 1,600. ನಂತರದ ಸಂಬಂಧಿತ ಸಾವುಗಳು 2,300ಕ್ಕೂ ಹೆಚ್ಚು. ದೇಶದಾದ್ಯಂತ ಹೀಗೆ ಸತ್ತವರಲ್ಲಿ ಹತ್ತರಲ್ಲಿ ಒಂಬತ್ತರಷ್ಟು ಜನ 66 ದಾಟಿದವರು. ಫುಕುಶಿಮಾದಲ್ಲಿ ಅಲೆಗಿಂತ ಅಲೆಯ ನಂತರದ ದಿನಗಳೇ ಹೆಚ್ಚು ಜನರನ್ನು ಕೊಂದವು. ಎಣಿಸಿದ್ದರಿಂದ ಆ ದೇಶಕ್ಕೆ ಅದು ಗೊತ್ತಾಯಿತು. ನಮ್ಮಲ್ಲಿ ಎಣಿಸುವ ಕ್ರಮವೇ ಇಲ್ಲ.

ಮಕ್ಕಳ ಹೊಣೆಯೋ, ಸರ್ಕಾರದ ಹೊಣೆಯೋ?

ವೃದ್ಧರಿಗೆ ಪ್ರತ್ಯೇಕ ವ್ಯವಸ್ಥೆ ಬೇಕೆಂದಾಗ ಎದುರಾಗುವ ವಾದಗಳನ್ನು ಲಘುವಾಗಿ ಕಾಣಬಾರದು. ಆಡಳಿತದ ವಾದ ಹೀಗಿದೆ: ಪರಿಹಾರದ ಘಟಕ ಕುಟುಂಬ. ಅದನ್ನು ಒಡೆದು ವೃದ್ಧರಿಗೆ ಬೇರೆ ಕೊಡಲು ಹೊರಟರೆ ಪರಿಹಾರಕ್ಕಾಗಿಯೇ ಒಂದು ಮನೆಯವರು ಮೂರು ಮನೆಯವರಾಗುತ್ತಾರೆ. ನಿಜವಾದ ನಿರಾಶ್ರಿತರ ಪಾಲು ಕರಗುತ್ತದೆ. ಈ ಭಯಕ್ಕೆ ಅನುಭವದ ಬಲವಿದೆ. ಎರಡನೆಯ ವಾದ ಊರಿನದು. ಹೆತ್ತವರನ್ನು ನೋಡಿಕೊಳ್ಳುವುದು ಮಕ್ಕಳ ಕರ್ತವ್ಯ, ಸರ್ಕಾರ ಮುಂದೆ ಬಂದಷ್ಟೂ ಮಕ್ಕಳು ಹಿಂದೆ ಸರಿಯುತ್ತಾರೆ. ಕಾನೂನೂ ಇದನ್ನೇ ಹೇಳುತ್ತದೆ. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಕಾಯ್ದೆಯಡಿ ಉಪವಿಭಾಗಾಧಿಕಾರಿಯ ನ್ಯಾಯಮಂಡಳಿ ಮಕ್ಕಳಿಂದ ತಿಂಗಳಿಗೆ 10,000 ರೂಪಾಯಿವರೆಗೆ ಜೀವನಾಂಶ ಕೊಡಿಸಬಹುದು.

ಎರಡನೆಯ ವಾದ ನೆರೆಯ ಮುಂದೆ ನಿಲ್ಲುವುದಿಲ್ಲ. ಜೀವನಾಂಶದ ಅರ್ಜಿಗೆ ತಿಂಗಳುಗಳು ಬೇಕು, ಬಿದ್ದ ಮಾಳಿಗೆಗೆ ಈ ರಾತ್ರಿಯೇ ತಾಡಪತ್ರಿ ಬೇಕು. ಮಗನೂ ಅದೇ ನೆರೆಯಲ್ಲಿ ಬೆಳೆ ಕಳೆದುಕೊಂಡಿದ್ದರೆ ಯಾರಿಂದ ಯಾರಿಗೆ ಕೊಡಿಸುವುದು? ಅಲ್ಲದೆ, ಮಗನ ಮೇಲೆ ಅರ್ಜಿ ಹಾಕಲು ನಮ್ಮ ಕಡೆಯ ಹಿರಿಯರು ಸುಲಭವಾಗಿ ಒಪ್ಪುವುದಿಲ್ಲ. ಹಸಿದು ಮಲಗುತ್ತಾರೆಯೇ ಹೊರತು ಮಗನ ಹೆಸರನ್ನು ಕಚೇರಿಗೆ ತರುವುದಿಲ್ಲ.

ಮೊದಲ ವಾದಕ್ಕೆ ಉತ್ತರವಿದೆ. ಕುಟುಂಬವನ್ನು ಒಡೆಯದೆಯೇ ವೃದ್ಧರನ್ನು ತಲುಪುವ ಪಟ್ಟಿಯೊಂದು ಸರ್ಕಾರದ ಕೈಯಲ್ಲಿ ಆಗಲೇ ಇದೆ.

ಇರುವ ಪಟ್ಟಿಯಿಂದಲೇ ಶುರು ಮಾಡಬಹುದು

ಅದು ಪಿಂಚಣಿ ಪಟ್ಟಿ. ಸಂಧ್ಯಾ ಸುರಕ್ಷಾ ಯೋಜನೆಯಡಿ 65 ದಾಟಿದವರಿಗೆ ತಿಂಗಳಿಗೆ 1,200 ರೂಪಾಯಿ ಬರುತ್ತದೆ. ವೃದ್ಧಾಪ್ಯ, ವಿಧವಾ, ಅಂಗವಿಕಲ ವೇತನಗಳು ಬೇರೆ ಇವೆ. ಇವರೆಲ್ಲರ ಹೆಸರು, ವಯಸ್ಸು, ಊರು, ಖಾತೆ ಕಂದಾಯ ಇಲಾಖೆಯ ಬಳಿ ಇವೆ. ಹೊಸ ಅರ್ಜಿ, ಹೊಸ ದಾಖಲೆ ಬೇಕಿಲ್ಲ. ನೆರೆ ಪೀಡಿತವೆಂದು ಘೋಷಣೆಯಾದ ಗ್ರಾಮಗಳ ಪಿಂಚಣಿದಾರರಿಗೆ ಎರಡು ಮೂರು ತಿಂಗಳ ಪಿಂಚಣಿಯನ್ನು ಮುಂಗಡವಾಗಿ ಅಥವಾ ಹೆಚ್ಚುವರಿಯಾಗಿ ವಾರದೊಳಗೆ ಹಾಕಲು ಸಾಧ್ಯವಿದೆ. ಇದು ಕನಸಿನ ಮಾತಲ್ಲ. 2020ರ ಕೋವಿಡ್ ಲಾಕ್‌ಡೌನ್‌ನಲ್ಲಿ ಕೇಂದ್ರ ಸರ್ಕಾರ ಬಡ ವೃದ್ಧರು, ವಿಧವೆಯರು ಮತ್ತು ಅಂಗವಿಕಲರಿಗೆ ಇದೇ ಪಿಂಚಣಿ ವ್ಯವಸ್ಥೆಯ ಮೂಲಕ ಎರಡು ಕಂತುಗಳಲ್ಲಿ 1,000 ರೂಪಾಯಿ ಕಳುಹಿಸಿತ್ತು. ದೇಶದ ಮಟ್ಟದಲ್ಲಿ ಆಗಿದ್ದು ಎರಡು ಜಿಲ್ಲೆಗಳಿಗೆ ಆಗಲಾರದೇ?

ಪಟ್ಟಿಯಲ್ಲಿ ಲೋಪಗಳಿವೆ. ಆಧಾರ್ ಜೋಡಣೆಯ ತೊಡಕಿನಿಂದ ಪಿಂಚಣಿ ನಿಂತವರು ಅದರಲ್ಲಿ ಸಿಗುವುದಿಲ್ಲ. ಆದ್ದರಿಂದ ಎರಡನೆಯ ಪಟ್ಟಿಯೂ ಬೇಕು: ಒಂಟಿಯಾಗಿರುವ, ಮಲಗಿದಲ್ಲೇ ಇರುವ, ಮಣ್ಣಿನ ಮನೆಯಲ್ಲಿರುವ ಹಿರಿಯರದು. ಇದು ಊರಿನ ಆಶಾ ಕಾರ್ಯಕರ್ತೆಗೆ, ಅಂಗನವಾಡಿ ಶಿಕ್ಷಕಿಗೆ, ಗ್ರಾಮ ಆಡಳಿತ ಅಧಿಕಾರಿಗೆ ಬಾಯಿಪಾಠವಾಗಿ ಗೊತ್ತಿರುತ್ತದೆ. ಕಾಗದಕ್ಕೆ ಇಳಿದಿಲ್ಲ ಅಷ್ಟೆ. ಜಪಾನ್ 2013ರಲ್ಲಿ ಕಾನೂನು ತಿದ್ದಿ, ಸ್ಥಳಾಂತರಕ್ಕೆ ನೆರವು ಬೇಕಾದವರ ಪಟ್ಟಿ ಇಡುವುದನ್ನು ಸ್ಥಳೀಯ ಸಂಸ್ಥೆಗಳಿಗೆ ಕಡ್ಡಾಯ ಮಾಡಿತು. ಅಲ್ಲೂ ಒಂದು ತಕರಾರು ಎದ್ದಿತ್ತು, ಇಲ್ಲೂ ಏಳಬೇಕು. ಒಂಟಿ ಮುದುಕರ ವಿಳಾಸಪಟ್ಟಿ ಕಳ್ಳರ ಕೈಗೆ ಸಿಕ್ಕರೆ? ಆದ್ದರಿಂದ ಅವರ ಒಪ್ಪಿಗೆ ಪಡೆದೇ ಬರೆಯಬೇಕು. ಪಟ್ಟಿ ಪಂಚಾಯಿತಿಯ ಗೋಡೆಗೆ ಅಂಟಿಸುವಂಥದ್ದಲ್ಲ, ವಾಟ್ಸ್ಆ್ಯಪ್ ಗುಂಪಿಗೆ ಹಾಕುವಂಥದ್ದಲ್ಲ. ಮುಚ್ಚಿದ ಲಕೋಟೆಯಲ್ಲಿ ಇಬ್ಬರು ಹೊಣೆಗಾರರ ಬಳಿ ಇದ್ದರೆ ಸಾಕು.

ಮನೆ ಕಟ್ಟುವ ವಿಷಯದಲ್ಲಿ ಕಂತಿನ ಪದ್ಧತಿಗೆ ಒಂದು ವಿನಾಯಿತಿ ಬೇಕು. ಕಟ್ಟಿಸಿಕೊಳ್ಳಲು ಯಾರೂ ಇಲ್ಲದ ವೃದ್ಧರಿಗೆ ಹಣದ ಬದಲು ಒಂದು ಕೋಣೆ, ಒಂದು ಶೌಚಾಲಯದ ಸಣ್ಣ ಮನೆಯನ್ನೇ ಕಟ್ಟಿಕೊಡುವುದು. ಜಿಲ್ಲೆಗಳಲ್ಲಿ ಕಟ್ಟಡ ಕಟ್ಟುವ ನಿರ್ಮಿತಿ ಕೇಂದ್ರಗಳಿವೆ, ಅವಕ್ಕೆ ಕೆಲಸ ವಹಿಸಬಹುದು. ಗುತ್ತಿಗೆಗೆ ಕೊಟ್ಟರೆ ಕಳಪೆಯಾಗುತ್ತದೆ ಎಂಬ ಆಕ್ಷೇಪ ನ್ಯಾಯವಾದದ್ದು. ಸಂಖ್ಯೆ ಸಣ್ಣದಿರುವುದರಿಂದ ಪಂಚಾಯಿತಿ ಮಟ್ಟದಲ್ಲಿ ಕಣ್ಣಿಡುವುದು ಕಷ್ಟವಾಗಲಾರದು.

ಮನೆ ಎಲ್ಲಿ ಕಟ್ಟಬೇಕು?

ಇಲ್ಲೊಂದು ಎಚ್ಚರಿಕೆ ಅಗತ್ಯ. 1995ರಲ್ಲಿ ಜಪಾನಿನ ಕೋಬೆಯಲ್ಲಿ ಆದ ಭೂಕಂಪದಲ್ಲಿ 6,434 ಜನ ಸತ್ತರು, ಅರ್ಧಕ್ಕಿಂತ ಹೆಚ್ಚು ಜನ 60 ದಾಟಿದವರು. ಬದುಕುಳಿದ ವೃದ್ಧರಿಗೆ ನ್ಯಾಯ ಒದಗಿಸಬೇಕೆಂದು ತಾತ್ಕಾಲಿಕ ಮನೆಗಳನ್ನು ಅವರಿಗೇ ಮೊದಲ ಆದ್ಯತೆಯಲ್ಲಿ, ಲಾಟರಿ ಮೂಲಕ ಹಂಚಲಾಯಿತು. ಉದ್ದೇಶ ಒಳ್ಳೆಯದು, ಫಲ ಕಹಿ. ಹಳೆಯ ನೆರೆಹೊರೆಯಿಂದ ಬೇರ್ಪಟ್ಟು ಅಪರಿಚಿತರ ನಡುವೆ ಬಿದ್ದ ಹಿರಿಯರು ಮಾತಿಲ್ಲದೆ ಕುಗ್ಗಿದರು. ಸತ್ತು ದಿನಗಟ್ಟಲೆ ಆದ ಮೇಲೆ ಬಾಗಿಲು ಒಡೆದು ಹೊರತಂದ ಒಂಟಿ ಸಾವುಗಳು ಅಲ್ಲಿ ರಾಷ್ಟ್ರೀಯ ಚರ್ಚೆಯಾದವು. 2004ರ ಚುಯೆತ್ಸು ಭೂಕಂಪದ ಹೊತ್ತಿಗೆ ಪಾಠ ಕಲಿತಿದ್ದರು. ಇಡೀ ಊರಿನವರನ್ನು ಒಟ್ಟಿಗೇ ಸ್ಥಳಾಂತರಿಸಿದರು.

ಕರ್ನಾಟಕಕ್ಕೂ ತನ್ನದೇ ಅನುಭವವಿದೆ. 2009ರ ನೆರೆಯ ನಂತರ ಉತ್ತರ ಕರ್ನಾಟಕದಲ್ಲಿ ‘ಆಸರೆ’ ಯೋಜನೆಯಡಿ ಹೊಸ ಗ್ರಾಮಗಳನ್ನು ಕಟ್ಟಲಾಯಿತು. ಹಲವು ಕಡೆ ಜನ ಅಲ್ಲಿಗೆ ಹೋಗಲಿಲ್ಲ, ಹೋದವರು ಹಳೆಯ ಊರಿಗೇ ಮರಳಿದರು. ಹೊಲ ದೂರ, ದನಕ್ಕೆ ಜಾಗವಿಲ್ಲ ಎಂಬುದು ಅವರ ಕಾರಣ.

ಬಾಲರಾಜ್ ಘಾಟ್ ಆಗಲಿ, ಗಂಗಾನಗರವಾಗಲಿ, ಹೊಳೆಯಂಚಿನ ಓಣಿಗಳಿಗೆ ಶಾಶ್ವತ ಪರಿಹಾರ ಸ್ಥಳಾಂತರವೇ ಎಂಬುದನ್ನು ಒಪ್ಪಬೇಕಾಗುತ್ತದೆ. ವರ್ಷವರ್ಷ ಮುಳುಗುವ ಜಾಗದಲ್ಲಿ ಮುದುಕರನ್ನು ಉಳಿಸುವುದು ದಯೆಯಲ್ಲ. ಪ್ರಶ್ನೆ ಇರುವುದು ಹೇಗೆ ಎಂಬುದರಲ್ಲಿ. ಯಾರಿಗೆ ಮೊದಲು ನಿವೇಶನ ಸಿಗುತ್ತದೆ ಎಂಬುದಕ್ಕಿಂತ, ಪಕ್ಕದ ಮನೆಯವರು ಪಕ್ಕದಲ್ಲೇ ಇರುತ್ತಾರೆಯೇ ಎಂಬುದು ಹಿರಿಯರ ಪಾಲಿಗೆ ದೊಡ್ಡದು. ಸಂಜೆ ಕಟ್ಟೆಯ ಮೇಲೆ ಕೂರುವ ಗೆಳೆಯ, ಬೆಳಿಗ್ಗೆ ಬಾಗಿಲು ತೆರೆಯದಿದ್ದರೆ ‘ಏನಮ್ಮಾ, ಇನ್ನೂ ಎದ್ದಿಲ್ಲವೇ’ ಎಂದು ಕೂಗುವ ಓರಗಿತ್ತಿ, ಸಾಲ ಕೊಡುವ ಅಂಗಡಿಯವರು ಇವರೆಲ್ಲ ಸೇರಿಯೇ ಒಬ್ಬ ವೃದ್ಧರ ರಕ್ಷಣಾ ವ್ಯವಸ್ಥೆ. ನಿವೇಶನದ ನಕ್ಷೆ ಬರೆಯುವಾಗ ಹಳೆಯ ಓಣಿಯ ಕ್ರಮದಲ್ಲೇ ಮನೆ ಸಂಖ್ಯೆ ಕೊಡಲು ಹೆಚ್ಚಿನ ಹಣ ಬೇಕಾಗುವುದಿಲ್ಲ.

ಮುಂದೆ ಏನಾಗಬಹುದು?

ಕಾಯ್ದೆಗೆ ‘ವೃದ್ಧರು’ ಎಂಬ ಪದ ಸೇರಿಸುವುದು ಸಂಸತ್ತಿನ ಕೆಲಸ, ಅದು ಬೇಗ ಆಗುವ ಲಕ್ಷಣವಿಲ್ಲ. ಪರಿಹಾರದ ದರಪಟ್ಟಿಯ ಮಾತು ಹಾಗಲ್ಲ. ಅದು ಹಣಕಾಸು ಆಯೋಗದ ಅವಧಿಗೆ ತಕ್ಕಂತೆ ಪರಿಷ್ಕಾರವಾಗುತ್ತದೆ. ಮೇಲೆ ಹೇಳಿದ ದರಗಳನ್ನು 2025-26ರವರೆಗೆ ಎಂದು ನಿಗದಿ ಮಾಡಲಾಗಿತ್ತು. ಮುಂದಿನ ಅವಧಿಯ ಪಟ್ಟಿಯಲ್ಲಿ ಒಂಟಿ ವೃದ್ಧರ ಭಾಗಶಃ ಬಿದ್ದ ಮನೆಗೆ ಹೆಚ್ಚಿನ ದರ ಬೇಕೆಂದು ರಾಜ್ಯ ಸರ್ಕಾರ ಕೇಳಬಹುದು. ಕೇಳದಿದ್ದರೆ ನಾಲ್ಕು ಸಾವಿರದ ಲೆಕ್ಕಾಚಾರವೇ ಇನ್ನಷ್ಟು ವರ್ಷ ಮುಂದುವರಿಯುವ ಸಾಧ್ಯತೆ ಹೆಚ್ಚು.

ಜಿಲ್ಲಾ ಮಟ್ಟದಲ್ಲಿ ಯಾರನ್ನೂ ಕಾಯಬೇಕಾಗಿಲ್ಲ. ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರದ ಅಧ್ಯಕ್ಷರು ಜಿಲ್ಲಾಧಿಕಾರಿ. ಹಿರಿಯ ನಾಗರಿಕರ ಕಾಯ್ದೆಯ ಮೇಲ್ಮನವಿ ಪ್ರಾಧಿಕಾರವೂ ಅವರೇ. ಎರಡೂ ಕಡತಗಳು ಒಂದೇ ಮೇಜಿಗೆ ಬರುತ್ತವೆ. ಮೇ ತಿಂಗಳಲ್ಲಿ ನಡೆಯುವ ಮುಂಗಾರು ಸಿದ್ಧತಾ ಸಭೆಯಲ್ಲಿ ದೋಣಿ, ಜೆಸಿಬಿ, ಮರಳಿನ ಚೀಲಗಳ ಲೆಕ್ಕ ಕೇಳುವಾಗ ಒಂಟಿ ಹಿರಿಯರ ಲೆಕ್ಕವನ್ನೂ ಕೇಳಿದರೆ ತಹಶೀಲ್ದಾರರು ಮುಂದಿನ ಸಭೆಗೆ ಅದನ್ನು ತರುತ್ತಾರೆ. ಹಿರಿಯರ ಸಹಾಯವಾಣಿ 14567 ಇದೆ. ಅದಕ್ಕೆ ಬಂದ ಕರೆಯನ್ನು ನೆರೆಯ ದಿನಗಳಲ್ಲಿ ಜಿಲ್ಲಾ ನಿಯಂತ್ರಣ ಕೊಠಡಿಗೆ ಜೋಡಿಸುವ ಆದೇಶಕ್ಕೆ ಒಂದು ಪುಟ ಸಾಕು.

ಮಾಳಿಗೆಗೆ ಚೌಳು ಮಣ್ಣು ಹಾಕುವ ಕಾಲವೂ ಅದೇ ಮೇ ತಿಂಗಳು. ಪಟ್ಟಿಯಲ್ಲಿರುವ ಮನೆಗಳ ಗೋಡೆಯ ಬುಡವನ್ನು ಎಂಜಿನಿಯರೊಬ್ಬರು ಒಮ್ಮೆ ನೋಡಿ, ಬಿರುಕು ಕಂಡಲ್ಲಿ ಮಳೆಗಾಲದ ನಾಲ್ಕು ತಿಂಗಳು ಆ ಹಿರಿಯರು ಮಲಗಲು ಅದೇ ಓಣಿಯಲ್ಲಿ ಇನ್ನೊಂದು ಗಟ್ಟಿ ಸೂರು ಗೊತ್ತು ಮಾಡಿಟ್ಟರೆ, ಜಡಿಮಳೆ ಹಿಡಿದ ರಾತ್ರಿ ಆ ಗೋಡೆ ಬಿದ್ದರೂ ಅದರಡಿ ಯಾರೂ ಇರುವುದಿಲ್ಲ.